ತಡವಾಗಿ ಬಂದ ನೆಂಟರು

ಕೇಳುಗರಿಗೆ ನಮಸ್ಕಾರ.

ಕ್ರಿಸ್ಮಸ್ ಮುಗಿಯಿತು. ಬಂದವರು ಬ್ಯಾಗು ಹೆಗಲಿಗೇರಿಸಿ ಹೊರಟರು. ಕಲ್‌ಕಲ್ ತಿಂಡಿಯ ಡಬ್ಬಿಯ ತಳದಲ್ಲಿ ಪುಡಿ ಉಳಿದಿದೆ. ಬಾಗಿಲ ನಕ್ಷತ್ರದೊಳಗಿನ ಬಲ್ಬು ಹಗಲಲ್ಲೂ ಉರಿಯುತ್ತಿದೆ, ಎದ್ದು ಆರಿಸುವುದಕ್ಕೂ ಮನಸ್ಸಿಲ್ಲ. ಏನಾಯಿತು ಅಂತ ಯಾರಾದರೂ ಕೇಳಿದರೆ ಹೇಳುವುದಕ್ಕೆ ಕಾರಣವೂ ಸಿಗುವುದಿಲ್ಲ. ಜ್ವರವಿಲ್ಲ, ಜಗಳವಿಲ್ಲ. ಆದರೂ ಮದುವೆ ಮುಗಿದ ಮನೆಯ ಹಾಗೆ ಏನೋ ಬಿಕೋ ಅನ್ನುತ್ತದೆ. ಇವತ್ತು ಆ ಬೇಸರದ ಬಗ್ಗೆಯೇ ನಾಲ್ಕು ಮಾತು.

ತಂಪು ದೇಶಗಳಲ್ಲಿ ಇದಕ್ಕೆ ಕತ್ತಲೆಯೂ ಸೇರಿಕೊಳ್ಳುತ್ತದೆ. ಡಿಸೆಂಬರ್ ಕೊನೆಗೆ ಲಂಡನ್ನಿನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಬೆಳಕು ಕಡಿಮೆಯಾಗುವ ಕಾಲಕ್ಕೇ ಸರಿಯಾಗಿ ಬರುವ ಖಿನ್ನತೆಯೊಂದನ್ನು ಅಮೆರಿಕದಲ್ಲಿದ್ದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಅವರ ಸಂಗಡಿಗರು 1984ರಲ್ಲಿ ಗುರುತಿಸಿ ಬರೆದರು. ನಮ್ಮ ಕೋಲಾರದಲ್ಲಿ ಅದೇ ದಿನಗಳಲ್ಲಿ ಹೆಚ್ಚುಕಡಿಮೆ 11 ಗಂಟೆ 20 ನಿಮಿಷ ಬೆಳಕಿರುತ್ತದೆ. ಈ ಜಿಲ್ಲೆಯಲ್ಲಿ ನೀರಿಗೆ ಬರ ಬಂದದ್ದುಂಟು, ಬಿಸಿಲಿಗೆ ಎಂದೂ ಬಂದಿಲ್ಲ. ಹಾಗಾಗಿ ನಮ್ಮ ಬೇಸರದ ಬೇರು ಬೇರೆ ಕಡೆ ಇರಬೇಕು.

ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕನ್ನಡ ಪಾಠ ಹೇಳಿದವಳು. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ. ಚಿನ್ನದ ಗಣಿ ನಡೆಯುತ್ತಿದ್ದಾಗ ಹಬ್ಬಕ್ಕೆ ಬರುವ ನೆಂಟರೆಲ್ಲ ಅಲ್ಲಿಯವರೇ. ಅಪ್ಪನಿಗೆ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ, ಚಿಕ್ಕಪ್ಪನ ಮನೆ ಊರ್ಗಾಮ್‌ನಲ್ಲಿ, ಅತ್ತೆ ಆಂಡರ್‌ಸನ್‌ಪೇಟೆಯಲ್ಲಿ. ರಜೆ ಮುಗಿದರೆ ಗಂಡಸರು ಪಾಳಿಗೆ ಹೋಗುತ್ತಿದ್ದರು, ಪಾಳಿ ಮುಗಿದ ಮೇಲೆ ಅದೇ ಗಣಿ ಲೈನಿನ ಅದೇ ಮನೆಗೆ ಬರುತ್ತಿದ್ದರು. ಹಬ್ಬ ಮುಗಿಯುತ್ತಿತ್ತು, ಜನ ಮುಗಿಯುತ್ತಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಊರಿನ ಬದುಕು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲಿನ ವೇಳೆಗೆ ಹೊಂದಿಕೊಂಡಿತು. ದಿನಾ ಹೋಗಿ ಬರುವವರು ಒಂದಷ್ಟು ಜನ. ಅಲ್ಲೇ ಮನೆ ಮಾಡಿದವರು, ಕಡಲಾಚೆ ಹೋದವರು ಇನ್ನೊಂದಷ್ಟು. ಈಗ ಕ್ರಿಸ್ಮಸ್ಸಿಗೆ ಮನೆ ತುಂಬುವುದೂ ಒಂದೇ ಸಲ, ಖಾಲಿಯಾಗುವುದೂ ಒಂದೇ ಸಲ. ಹಬ್ಬ ಮುಗಿಯಿತಲ್ಲ ಅನ್ನುವ ತಾಯಿಗೆ ನಿಜಕ್ಕೂ ಕಾಡುತ್ತಿರುವುದು ರೈಲು ಹೊರಟಿತಲ್ಲ ಅನ್ನುವುದು. ಇದನ್ನು ಮನಸ್ಸಿನ ದೌರ್ಬಲ್ಯ ಅಂತ ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೆತ್ತವರು ಮಕ್ಕಳನ್ನು ನೆನೆಯುವುದು ಯಾವ ದೌರ್ಬಲ್ಯ?

ಇನ್ನೊಂದು ಕಾರಣವೂ ಇದೆ. ಕ್ರಿಸ್ಮಸ್ಸಿಗೆ ಮುಂಚಿನ ತಯಾರಿಯ ದಿನಗಳಾದ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಇರುತ್ತದೆ. ಕೇಕಿಗೆ ದ್ರಾಕ್ಷಿ, ಗೋಡಂಬಿ ನೆನೆಹಾಕುವವರು ಒಬ್ಬರು, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಗೆ ಹುಲ್ಲು ತರುವವರು ಇನ್ನೊಬ್ಬರು. ಸುಣ್ಣ ಬಣ್ಣ ಆಗಬೇಕು, ದರ್ಜಿಯ ಬೆನ್ನು ಹತ್ತಬೇಕು, ರಾತ್ರಿ ಕ್ಯಾರೋಲ್ ಗುಂಪಿನ ಜೊತೆ ತಿರುಗಬೇಕು. ಬರಲಿರುವುದನ್ನು ಎದುರು ನೋಡುವಾಗಲೇ ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಚುರುಕಾಗುತ್ತದೆ ಅನ್ನುತ್ತದೆ ವಿಜ್ಞಾನ. ನಾವು ಸಂತೋಷಪಟ್ಟದ್ದು ಬಹುಪಾಲು ಆ ತಯಾರಿಯಲ್ಲೇ. 26ರ ಬೆಳಿಗ್ಗೆ ಕೈಗೆ ಕೆಲಸ ಇಲ್ಲ, ಮನಸ್ಸಿಗೆ ಎದುರು ನೋಡಲು ಏನೂ ಇಲ್ಲ.

ಈಗ ನನಗೆ ಹೇಳಬೇಕೆನಿಸಿದ ಮುಖ್ಯ ವಿಷಯಕ್ಕೆ ಬರುತ್ತೇನೆ. 25ಕ್ಕೆ ಹಬ್ಬ ಮುಗಿಯುತ್ತದೆ ಅಂತ ಹೇಳಿದವರು ಯಾರು? ಅಂಗಡಿಯವರು. ಅವರು ಡಿಸೆಂಬರ್ ಮೊದಲ ವಾರಕ್ಕೇ ಕ್ರಿಸ್ಮಸ್ ತಾತನನ್ನು ಬಾಗಿಲಲ್ಲಿ ನಿಲ್ಲಿಸಿ, 26ಕ್ಕೆ ಗೋಡೌನಿಗೆ ಸಾಗಿಸುತ್ತಾರೆ. ಚರ್ಚಿನ ಲೆಕ್ಕದಲ್ಲಿ 25 ಹಬ್ಬದ ಮೊದಲ ದಿನ. ಅಲ್ಲಿಂದ ಹನ್ನೆರಡು ದಿನ ಎಣಿಸಿದರೆ ಜನವರಿ 5. ಮರುದಿನ, 6ಕ್ಕೆ, ಶಿಶು ಯೇಸುವನ್ನು ನೋಡಲು ಬಂದ ಮೂಡಣದ ಜ್ಞಾನಿಗಳ ಹಬ್ಬ. ಕೆಲವು ಕಡೆ ಅದನ್ನು ಹತ್ತಿರದ ಭಾನುವಾರ ಆಚರಿಸುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಆ ಜ್ಞಾನಿಗಳು ಬರುವುದು ಗೋದಲಿಗಲ್ಲ, ಮನೆಗೆ. ದೂರದಿಂದ ಬಂದವರು, ತಡವಾಗಿ ಬಂದವರು. ಚಿನ್ನ ತಂದಿದ್ದರು, ನಮ್ಮ ಕೆಜಿಎಫ್‌ನವರಿಗೆ ಅದೇನು ದೊಡ್ಡದಲ್ಲ ಬಿಡಿ. ತಡವಾಯಿತೆಂದು ಅವರು ವಾಪಸು ಹೋಗಲಿಲ್ಲ, ಅದು ದೊಡ್ಡದು.

ಹಾಗೆ ತಡವಾಗಿ ಬರುವ ನೆಂಟರು ನಾವೇ ಯಾಕಾಗಬಾರದು? 25ರಂದು ಎಲ್ಲರೂ ಎಲ್ಲರ ಮನೆಗೂ ಹೋಗುತ್ತಾರೆ. 28ಕ್ಕೆ, 30ಕ್ಕೆ ಯಾರೂ ಹೋಗುವುದಿಲ್ಲ. ಈ ವರ್ಷ ಗಂಡನನ್ನು ಕಳೆದುಕೊಂಡ ಅಕ್ಕನ ಮನೆಗೆ, ಮಗ ಬರಲಾಗದೆ ಹೋದ ತಾತನ ಮನೆಗೆ ಆ ದಿನಗಳಲ್ಲಿ ಹೋಗಿ. ಕೈಯಲ್ಲಿ ಒಂದಿಷ್ಟು ಅಚ್ಚು ಮುರುಕು ಇದ್ದರೆ ಸಾಕು. ಅದಕ್ಕೆ ಮುಂದಿನ ಸಲ ತಿಂಡಿಯಲ್ಲಿ ಅರ್ಧ ಡಬ್ಬಿ ಮೊದಲೇ ಎತ್ತಿಡಿ, ಮಕ್ಕಳ ಕೈಗೆ ಸಿಗದ ಕಡೆ. ಬೆಂಗಳೂರಿನಲ್ಲಿರುವ ಮಕ್ಕಳಿಗೂ ಒಂದು ಮಾತು: ತಲುಪಿದೆವು ಅಂತ ಮೆಸೇಜು ಹಾಕಿ ಸುಮ್ಮನಾಗಬೇಡಿ, ಎರಡು ದಿನ ಬಿಟ್ಟು ಫೋನು ಮಾಡಿ. ಮನೆ ಬಿಕೋ ಅನ್ನುವುದು ಆಗಲೇ.

ಸಾಲದ ವಿಷಯ ಚುಟುಕಾಗಿ ಹೇಳುತ್ತೇನೆ. ಹಬ್ಬಕ್ಕೆ ಕೈಮೀರಿ ಖರ್ಚು ಮಾಡಿದವರಿಗೆ ಜನವರಿಯಲ್ಲಿ ನಿದ್ದೆ ಬರುವುದಿಲ್ಲ. ಅದಕ್ಕೆ ಔಷಧಿ ಇಲ್ಲ, ಲೆಕ್ಕ ಬರೆದು ಮನೆಯವರ ಮುಂದೆ ಇಡಬೇಕು, ಅಷ್ಟೇ.

ನಮ್ಮ ಸೀಮೆಗೆ ಇನ್ನೊಂದು ಅನುಕೂಲವಿದೆ. ಇದು ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿಗೆ ಕಾಳು ಹಿಸುಕುತ್ತಾ ಕೂತವರ ಬಾಯಿ ಸುಮ್ಮನಿರುವುದಿಲ್ಲ, ಅಕ್ಕಪಕ್ಕದವರನ್ನೂ ಕರೆದು ಕೂರಿಸಿ. ಮೂರು ವಾರ ಕಳೆಯುವುದರೊಳಗೆ ಸಂಕ್ರಾಂತಿ. ಕ್ರಿಸ್ಮಸ್ಸಿಗೆ ನಿಮ್ಮ ತಟ್ಟೆ ಹೋದ ಮನೆಯಿಂದ ಎಳ್ಳು ಬೆಲ್ಲ ಬರುತ್ತದೆ. ಸಂಜೆ ಹಸುಗಳನ್ನು ಕಿಚ್ಚು ಹಾಯಿಸುವುದನ್ನು ನೋಡುವುದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಎದುರು ನೋಡಲು ಏನೂ ಇಲ್ಲ ಅಂದೆನಲ್ಲ, ಇದೆ.

ಹೀಗೆಲ್ಲ ಮಾಡಿದರೂ ಕೆಲವರ ಬೇಸರ ಕರಗುವುದಿಲ್ಲ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ಊಟ ನಿದ್ದೆ ಕೆಟ್ಟರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಸರಿ, ಅದು ಹಬ್ಬದ ಬೇಸರವಲ್ಲ. ಕಾಯಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೆನ್ನು ಹುಡುಕುತ್ತಿರುವವರಿಗಾಗಿ ನಿಧಾನವಾಗಿ ಹೇಳುತ್ತೇನೆ: 14416. ಇನ್ನೊಮ್ಮೆ, 14416.

ನಮಸ್ಕಾರ.