ಕೊಂಕಣ ಸುತ್ತುವ ಇಂಟರ್‌ನೆಟ್

ಕೇಳುಗರಿಗೆಲ್ಲ ನಮಸ್ಕಾರ.

ಡಿಜಿಟಲ್ ಕಂದಕ ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಇಂಟರ್‌ನೆಟ್ ಬಳಸುವವರಿಗೂ ಬಳಸಲು ಆಗದವರಿಗೂ ನಡುವಿನ ಅಂತರ. 2024ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟ ಲೆಕ್ಕದ ಪ್ರಕಾರ, ಪ್ರಪಂಚದಲ್ಲಿ 260 ಕೋಟಿ ಜನ ಇಂಟರ್‌ನೆಟ್‌ನಿಂದ ಹೊರಗೇ ಇದ್ದರು. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 93 ಜನ ಬಳಸುತ್ತಿದ್ದರು. ತೀರಾ ಬಡ ದೇಶಗಳಲ್ಲಿ ನೂರಕ್ಕೆ 27.

ಇಷ್ಟು ಹೇಳಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಉತ್ತರ. "ಹಾಗಾದ್ರೆ ಟವರ್ ಹಾಕಿ!" ಟವರ್ ಬೇಕು, ಇಲ್ಲ ಅನ್ನಲ್ಲ. ಆದರೆ ಪ್ರಪಂಚದ ನೂರು ಜನರಲ್ಲಿ ಸುಮಾರು 95 ಜನ ಇರುವ ಕಡೆಗೆ ಮೊಬೈಲ್ ಇಂಟರ್‌ನೆಟ್ ಸಿಗ್ನಲ್ ಆಗಲೇ ಬಂದಿದೆ. ಸಿಗ್ನಲ್ ಇದೆ, ಬಳಸುವವರಿಲ್ಲ. ಫೋನಿನ ಬೆಲೆ, ಓದು ಬರದಿರುವುದು, ಇವೆಲ್ಲ ಕಾರಣಗಳೇ. ಅವುಗಳ ಬಗ್ಗೆ ಬೇರೆಯವರು ಮಾತಾಡಲಿ. ನಾನು ಇವತ್ತು ಒಂದನ್ನೇ ಹಿಡಿದುಕೊಳ್ಳುತ್ತೇನೆ. ಡೇಟಾ ದುಬಾರಿ. ದುಬಾರಿ ಯಾಕೆ? ಅದು ಬರುವ ದಾರಿ ಸುತ್ತು ದಾರಿ. ಕೊಂಕಣ ಸುತ್ತಿ ಮೈಲಾರಕ್ಕೆ ಬರುತ್ತದೆ. ಆ ಸುತ್ತಾಟದ ಖರ್ಚನ್ನು ಕೊನೆಗೆ ಕಟ್ಟುವವರು ರೀಚಾರ್ಜ್ ಮಾಡಿಸುವವರು. ಈ ಸುತ್ತು ತಪ್ಪಿಸುವುದು ಒಂದು ದೇಶ ಒಂಟಿಯಾಗಿ ಮಾಡುವ ಕೆಲಸ ಅಲ್ಲ. ಅಕ್ಕಪಕ್ಕದ ದೇಶಗಳು ಕೂತು ಮಾತಾಡಲೇಬೇಕು.

ನೈರೋಬಿಯ ಕಥೆ ಹೇಳುತ್ತೇನೆ. ನಾನು ಹೋದಲ್ಲೆಲ್ಲ ಹೇಳುವ ಕಥೆ ಇದು. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡಿ.

2000ನೇ ಇಸವಿ. ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಹಲವು ಇಂಟರ್‌ನೆಟ್ ಕಂಪನಿಗಳಿದ್ದವು. ಒಂದೇ ರಸ್ತೆಯಲ್ಲಿ ಎದುರುಬದುರು ಎರಡು ಕಚೇರಿ ಅಂತ ಇಟ್ಟುಕೊಳ್ಳಿ. ಈ ಕಚೇರಿಗೆ ಒಂದು ಕಂಪನಿಯ ಇಂಟರ್‌ನೆಟ್, ಆ ಕಚೇರಿಗೆ ಇನ್ನೊಂದು ಕಂಪನಿಯದು. ಇಲ್ಲಿಂದ ಅಲ್ಲಿಗೆ ಒಂದು ಇಮೇಲ್ ಕಳಿಸಿದರೆ ಅದು ಎಲ್ಲಿಗೆ ಹೋಗುತ್ತಿತ್ತು ಗೊತ್ತಾ? ಮೊದಲು ಆಕಾಶಕ್ಕೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ. ಅಲ್ಲಿಂದ ಅಮೆರಿಕಕ್ಕೋ ಯುರೋಪಿಗೋ ಇಳಿಯಬೇಕು. ಅಲ್ಲಿ ಇನ್ನೊಂದು ಜಾಲಕ್ಕೆ ದಾಟಬೇಕು. ಮತ್ತೆ ಆಕಾಶಕ್ಕೆ ಹತ್ತಿ, ಮತ್ತೆ ಇಳಿದು, ಎದುರಿನ ಕಚೇರಿ ಸೇರಬೇಕು. ರಸ್ತೆ ದಾಟಿ ಕೈಯಲ್ಲೇ ಕೊಟ್ಟು ಬರಬಹುದಿತ್ತು, ಅಲ್ವಾ?

ಕಾರಣ ಇಷ್ಟೇ. ಈ ಎರಡು ಕಂಪನಿಗಳ ಜಾಲ ನೈರೋಬಿಯಲ್ಲಿ ಎಲ್ಲೂ ಒಂದಕ್ಕೊಂದು ಸೇರುತ್ತಿರಲಿಲ್ಲ. ಸೇರುತ್ತಿದ್ದುದು ಸಮುದ್ರದಾಚೆ. ಒಂದು ಸಲ ಹೋಗಿ ಬರಲು 1,200ರಿಂದ 2,000 ಮಿಲಿಸೆಕೆಂಡು ಹಿಡಿಯುತ್ತಿತ್ತು. ಮಿಲಿಸೆಕೆಂಡು ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ಎರಡು ಸೆಕೆಂಡು ಏನು ಮಹಾ ಅನ್ನಬೇಡಿ. ಒಂದು ವೆಬ್ ಪುಟ ತೆರೆದುಕೊಳ್ಳಲು ಹೀಗೆ ಹಲವು ಸಲ ಹೋಗಿ ಬರಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಸಂಕಟ ದುಡ್ಡಿನದು. ಉಪಗ್ರಹದ ದಾರಿಗೆ ಹೋಗುವಾಗಲೂ ಬಾಡಿಗೆ, ಬರುವಾಗಲೂ ಬಾಡಿಗೆ. ಊರೊಳಗಿನ ಇಮೇಲಿಗೆ ವಿದೇಶ ಪ್ರವಾಸದ ಖರ್ಚು!

ಕೊನೆಗೆ ಆ ಕಂಪನಿಗಳವರು ಪೈಪೋಟಿ ಪಕ್ಕಕ್ಕಿಟ್ಟು ಒಂದೆಡೆ ಕೂತರು. ನಮ್ಮೆಲ್ಲರ ತಂತಿಗಳು ಸೇರುವ ಒಂದು ಜಾಗ ಮಾಡೋಣ, ಊರಿನ ಮಾತು ಊರಲ್ಲೇ ಇರಲಿ ಅಂತ ತೀರ್ಮಾನ ಮಾಡಿದರು. ಇಂಟರ್‌ನೆಟ್ ಎಕ್ಸ್‌ಚೇಂಜ್ ಅನ್ನುತ್ತಾರೆ ಇದಕ್ಕೆ. ಹೆಸರು ಕೇಳಿ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಎ.ಸಿ. ಹಾಕಿದ ಒಂದು ಕೋಣೆ ಸಾಕು. ಅದರಲ್ಲಿ ಆಳೆತ್ತರದ ಕಬ್ಬಿಣದ ಚೌಕಟ್ಟು. ಚೌಕಟ್ಟಿನಲ್ಲಿ ಸ್ವಿಚ್ ಅನ್ನುವ ಚಪ್ಪಟೆ ಪೆಟ್ಟಿಗೆ. ಪೆಟ್ಟಿಗೆಯ ಮುಂದೆ ಸಾಲಾಗಿ ಚಿಕ್ಕ ಚಿಕ್ಕ ಕಿಂಡಿಗಳು, ಒಂದೊಂದು ಕಿಂಡಿಗೆ ಒಂದೊಂದು ಕಂಪನಿಯ ವೈರು, ಪಕ್ಕದಲ್ಲಿ ಪಟಪಟ ಮಿಣುಕುವ ಹಸಿರು ದೀಪ. ಕರೆಂಟ್ ಹೋದರೆ ಇರಲಿ ಅಂತ ಒಂದು ಯುಪಿಎಸ್. ಫ್ಯಾನುಗಳ ಗುಂಯ್ ಸದ್ದು. ಅಷ್ಟೇ. ಉದ್ಘಾಟನೆಗೆ ಬರುವ ಮಂತ್ರಿಗಳಿಗೆ ಇದನ್ನು ತೋರಿಸಿದರೆ ಮುಖ ಸಪ್ಪೆಯಾಗುತ್ತದೆ. ಪಾಪ, ಟವರ್ ಮುಂದೆ ನಿಂತರೆ ಫೋಟೊ ಚೆನ್ನಾಗಿ ಬರುತ್ತೆ.

2000ದ ನವೆಂಬರ್ ಕೊನೆಯಲ್ಲಿ ಆ ಕೇಂದ್ರ ಶುರುವಾಯಿತು. ಸುಮಾರು ಎರಡೇ ವಾರಕ್ಕೆ ಅದರ ಬಾಗಿಲು ಹಾಕಿಸಿದರು. ಯಾರು? ಆಗ ಅಲ್ಲಿ ವಿದೇಶಿ ಸಂಪರ್ಕವೆಲ್ಲ ಸರ್ಕಾರಿ ದೂರವಾಣಿ ಕಂಪನಿಯ ಕೈಯಲ್ಲಿತ್ತು. ಈ ಕೇಂದ್ರ ನಮ್ಮ ಹಕ್ಕಿಗೆ ಕೈ ಹಾಕಿದೆ ಅಂತ ಅವರು ದೂರು ಕೊಟ್ಟರು. ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ ಮುಚ್ಚಿ ಅಂದಿತು. ನೈರೋಬಿಯಿಂದ ನೈರೋಬಿಗೆ ಹೋಗುವ ಇಮೇಲು ವಿದೇಶಿ ಹೇಗಾಯಿತು ಸ್ವಾಮಿ? ಅಷ್ಟು ವರ್ಷ ವಿದೇಶ ಸುತ್ತಿ ಬರುತ್ತಿತ್ತಲ್ಲ, ಅದಕ್ಕೆ! ಆಮೇಲೆ ವರ್ಷಕ್ಕೂ ಮೀರಿ ವಾದ, ಅರ್ಜಿ, ಓಡಾಟ. ಪರವಾನಗಿ ಸಿಕ್ಕು 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆಯಿತು. ಎರಡು ಸೆಕೆಂಡಿನವರೆಗೂ ಎಳೆಯುತ್ತಿದ್ದ ಹಾದಿ 60ರಿಂದ 80 ಮಿಲಿಸೆಕೆಂಡಿಗೆ ಇಳಿಯಿತು. ಇಂಟರ್‌ನೆಟ್ ಎಲ್ಲರಿಗೂ ಸಿಗಲಿ ಅಂತ ದುಡಿಯುವ ಇಂಟರ್‌ನೆಟ್ ಸೊಸೈಟಿ ಅನ್ನುವ ಸಂಸ್ಥೆ 2020ರಲ್ಲಿ ಒಂದು ವರದಿ ಕೊಟ್ಟಿದೆ. 2012ರಲ್ಲಿ ಕೀನ್ಯಾದವರು ಬಳಸುವ ಡೇಟಾದಲ್ಲಿ ನೂರಕ್ಕೆ ಸುಮಾರು 30 ಭಾಗ ಮಾತ್ರ ದೇಶದೊಳಗೇ ಸಿಗುತ್ತಿತ್ತು. 2020ರ ಹೊತ್ತಿಗೆ ಅದು 70 ಆಗಿತ್ತು. ಇದರಿಂದ ವರ್ಷಕ್ಕೆ 60 ಲಕ್ಷ ಡಾಲರ್ ಉಳಿತಾಯ. ಒಂದು ಕೋಣೆ, ಒಂದು ಪೆಟ್ಟಿಗೆಯಿಂದ ಶುರುವಾದ ಕೆಲಸ ಇದು, ನೆನಪಿರಲಿ.

ಒಂದು ಊರಿನೊಳಗೆ ಇಷ್ಟು ಜಗ್ಗಾಟ ಆದರೆ ದೇಶ ದೇಶಗಳ ನಡುವೆ ಇನ್ನೆಷ್ಟು! ಆದರೆ ಅಲ್ಲೂ ಬೇಕಾದದ್ದು ಅದೇ. ಪಕ್ಕದವರ ಜೊತೆ ಪಕ್ಕದಲ್ಲೇ ಸೇರಿಕೊಳ್ಳಿ.

ಸಮುದ್ರವೇ ಇಲ್ಲದ ದೇಶಗಳನ್ನು ನೋಡಿ. ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಅಂಥವು 32 ಇವೆ. ಪ್ರಪಂಚದ ಇಂಟರ್‌ನೆಟ್ ಬಹುಪಾಲು ಹರಿಯುವುದು ಸಮುದ್ರದಡಿಯ ಫೈಬರ್ ಕೇಬಲ್ಲಿನಲ್ಲಿ. ಕಡಲತೀರ ಇಲ್ಲದವರು ಅದನ್ನು ಮುಟ್ಟಬೇಕಾದರೆ ಪಕ್ಕದ ದೇಶದ ನೆಲ ದಾಟಲೇಬೇಕು. ಪಕ್ಕದವರು ಬಾಯಿಗೆ ಬಂದ ದರ ಹೇಳಿದರೆ ಮುಗೀತು ಕಥೆ. ಪೂರ್ವ ಆಫ್ರಿಕಾದಲ್ಲಿ ಇದಕ್ಕೊಂದು ಒಳ್ಳೆಯ ಉಪಾಯ ಮಾಡಿದರು. ಕೀನ್ಯಾ, ಟಾಂಜಾನಿಯಾ ತೀರಗಳಿಗೆ 2009ರವರೆಗೆ ಇಂಥ ಕೇಬಲ್ಲೇ ಬಂದಿರಲಿಲ್ಲ. 2010ರಲ್ಲಿ ಈಸಿ ಅನ್ನುವ ಕೇಬಲ್ ಶುರುವಾಯಿತು. ದಕ್ಷಿಣ ಆಫ್ರಿಕಾದಿಂದ ಸುಡಾನಿನವರೆಗೆ ಸುಮಾರು 10,000 ಕಿಲೋಮೀಟರ್. ಅದಕ್ಕೆ ದುಡ್ಡು ಹಾಕಿದವರಲ್ಲಿ ಬುರುಂಡಿ, ಉಗಾಂಡಾ, ಲೆಸೊಥೊ ದೇಶಗಳ ಸಂಸ್ಥೆಗಳೂ ಇವೆ. ಸಮುದ್ರವನ್ನೇ ಕಾಣದ ದೇಶಗಳು ಸಮುದ್ರದ ಕೇಬಲ್ಲಿಗೆ ಪಾಲುದಾರರು! ಗಿರಾಕಿಯಾಗಿ ಗೇಟಿನ ಹೊರಗೆ ನಿಲ್ಲುವುದಕ್ಕೂ ಪಾಲುದಾರನಾಗಿ ಒಳಗೆ ಕೂರುವುದಕ್ಕೂ ವ್ಯತ್ಯಾಸ ಇದೆ.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. ತ್ರಿಪುರಾದ ಅಗರ್ತಲಾ ಬಾಂಗ್ಲಾದೇಶದ ಗಡಿಗೆ ಅಂಟಿಕೊಂಡೇ ಇದೆ. ಆದರೂ ಅಲ್ಲಿಗೆ ಇಂಟರ್‌ನೆಟ್ ಬರುತ್ತಿದ್ದುದು ಮುಂಬೈ, ಚೆನ್ನೈ ಕಡೆಯಿಂದ. ಸಿಲಿಗುರಿಯ ಕಿರಿದಾದ ನೆಲಪಟ್ಟಿ ದಾಟಿ, ಈಶಾನ್ಯದ ಬೆಟ್ಟಗುಡ್ಡ ಸುತ್ತಿ ಬರಬೇಕು. ದಾರಿಯಲ್ಲಿ ಎಲ್ಲೋ ಗುಡ್ಡ ಕುಸಿದರೆ ಸಂಪರ್ಕ ಕಟ್. ಗಡಿಯಾಚೆ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಸಮುದ್ರದ ಕೇಬಲ್ ಇದೆ. 2016ರ ಮಾರ್ಚಿನಲ್ಲಿ ಅಲ್ಲಿಂದ ಅಗರ್ತಲಾಕ್ಕೆ ಸೆಕೆಂಡಿಗೆ 10 ಗಿಗಾಬಿಟ್ ಡೇಟಾ ಸಾಗಿಸುವ ಸಂಪರ್ಕ ಕೊಟ್ಟರು. ಅದೇ ದಿನ ತ್ರಿಪುರಾದಿಂದ ಬಾಂಗ್ಲಾದೇಶಕ್ಕೆ 100 ಮೆಗಾವಾಟ್ ವಿದ್ಯುತ್ ಹೋಯಿತು. ಅವರಲ್ಲಿದ್ದದ್ದು ಇವರಿಗೆ, ಇವರಲ್ಲಿದ್ದದ್ದು ಅವರಿಗೆ. ಇದನ್ನೇ ನಾನು ಬಡಕೊಳ್ಳುತ್ತಿರುವುದು.

ನನಗೆ ಕೊಟ್ಟ ಸಮಯದಲ್ಲಿ ಅರ್ಧ ನೈರೋಬಿಗೇ ಹೋಯಿತು. ಹಾಗಾಗಿ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ರೋಮಿಂಗ್ ದರ. ಗಡಿ ದಾಟಿದ ಕೂಡಲೇ ಫೋನ್ ತೆಗೆಯಲು ಭಯ, ಬಂದ ಕರೆಗೂ ದುಡ್ಡು. ಕೀನ್ಯಾ, ಉಗಾಂಡಾ, ರುವಾಂಡಾ 2014ರಲ್ಲಿ ಸೇರಿ ಕರೆಗಳ ಮಟ್ಟಿಗೆ ಇದನ್ನು ನಿಲ್ಲಿಸಿದವು. ಯುರೋಪಿನ ಒಕ್ಕೂಟ ನಿಲ್ಲಿಸಿದ್ದು 2017ರ ಜೂನಿನಲ್ಲಿ. ಹೌದು, ಆಫ್ರಿಕಾದವರು ಮೊದಲು! ಇದಕ್ಕೆ ಹೊಸ ತಂತಿ ಬೇಕಿಲ್ಲ, ಟವರ್ ಬೇಕಿಲ್ಲ. ದರ ಎಷ್ಟಿರಬೇಕು ಅಂತ ಮೂರು ದೇಶ ಕೂತು ಒಪ್ಪಿಕೊಂಡರೆ ಸಾಕು.

ಮತ್ತೆ ದ್ವೀಪಗಳು. ಪೆಸಿಫಿಕ್ ಸಾಗರದ ಟೊಂಗಾಕ್ಕೆ ಹೊರಗಿನಿಂದ ಬರುತ್ತಿದ್ದುದು ಫಿಜಿಯ ಒಂದೇ ಕೇಬಲ್. 2022ರ ಜನವರಿ 15ರಂದು ಜ್ವಾಲಾಮುಖಿ ಸಿಡಿದು ಅದು ತುಂಡಾಯಿತು. ರಿಪೇರಿ ಹಡಗು ಪಪುವಾ ನ್ಯೂಗಿನಿಯಿಂದ ಬರಬೇಕಾಯಿತು. ಮುಖ್ಯ ದ್ವೀಪಕ್ಕೆ ಕೇಬಲ್ ಸಂಪರ್ಕ ಮರಳಲು ಐದು ವಾರ, ಹೊರಗಿನ ದ್ವೀಪಗಳಿಗೆ ವರ್ಷದ ಮೇಲೆ ಹಿಡಿಯಿತು. ಲಕ್ಷದಷ್ಟು ಜನ ಇರುವ ದೇಶ ಸ್ವಂತ ರಿಪೇರಿ ಹಡಗು ಇಟ್ಟುಕೊಳ್ಳಲು ಆಗುತ್ತಾ? ಹಡಗನ್ನೂ ಎರಡನೇ ಕೇಬಲ್ಲನ್ನೂ ಹಲವು ದೇಶ ಸೇರಿಯೇ ಮಾಡಿಕೊಳ್ಳಬೇಕು.

ಸಮ್ಮೇಳನಗಳು ಬೇಕಾದಷ್ಟು ನಡೆಯುತ್ತವೆ. ಗುಂಪು ಫೋಟೊ, ಘೋಷಣೆ, ಊಟ. ಅಲ್ಲಿ ನಾನು ಕೇಳಿಸಿಕೊಳ್ಳಬೇಕು ಅಂದುಕೊಳ್ಳುವ ಪ್ರಶ್ನೆ ಒಂದೇ. ನಮ್ಮ ಜಾಲ, ನಿಮ್ಮ ಜಾಲ ಯಾವ ಊರಿನಲ್ಲಿ ಸೇರುತ್ತವೆ? ಉತ್ತರ ಮೂರನೆಯ ದೇಶದ ಊರಾದರೆ ಕೆಲಸ ಇನ್ನೂ ಶುರುವೇ ಆಗಿಲ್ಲ.

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಕಲಿತ ಮಕ್ಕಳಿದ್ದರೆ ಇವತ್ತು ಅವರಿಗೊಂದು ಕೆಲಸ ಕೊಡಿ. ಟ್ರೇಸ್‌ರೂಟ್ ಅನ್ನುವ ಒಂದು ಆಜ್ಞೆ ಇದೆ. ಅದರ ಮುಂದೆ ಯಾವುದಾದರೂ ಜಾಲತಾಣದ ವಿಳಾಸ ಹಾಕಿದರೆ ಡೇಟಾ ಎಲ್ಲೆಲ್ಲಿ ನಿಂತು ಹೋಗುತ್ತದೆ, ಒಂದೊಂದು ಕಡೆಗೂ ಎಷ್ಟು ಮಿಲಿಸೆಕೆಂಡು ಅಂತ ಸಾಲುಸಾಲಾಗಿ ಬರುತ್ತದೆ. ಹತ್ತು, ಹನ್ನೆರಡು ಅಂತ ಇದ್ದದ್ದು ಥಟ್ಟನೆ ನೂರೈವತ್ತು, ಇನ್ನೂರಕ್ಕೆ ಹಾರಿ ಅಲ್ಲೇ ನಿಂತರೆ, ಅದು ಸಮುದ್ರ ದಾಟಿದೆ ಅಂತ ತಿಳಿದುಕೊಳ್ಳಿ. ಪಕ್ಕದ ದೇಶದ ಒಂದು ವಿಶ್ವವಿದ್ಯಾಲಯದ ವಿಳಾಸ ಹಾಕಿ ನೋಡಿ. ನಮಸ್ಕಾರ.