ಜಾಹೀರಾತಿಗೆ ಎಷ್ಟು ಮಾತು ಬೇಕು?

ಕೇಳುಗರಿಗೆ ನಮಸ್ಕಾರ.

ಊದಿನಕಡ್ಡಿ ಕೊಳ್ಳುವವರಿಗೆ ಪರಿಮಳ, ಬೆಲೆ ಗೊತ್ತಾದರೆ ಸಾಕು. ಸೋಲಾರ್ ವಾಟರ್ ಹೀಟರ್ ಹಾಕಿಸುವವರು ಹಾಗಲ್ಲ. ಮನೆಯಲ್ಲಿ ಐದು ಜನರಿದ್ದರೆ ಎಷ್ಟು ಲೀಟರಿನದು ಬೇಕು? ತಾರಸಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ? ಬೋರ್‌ವೆಲ್ಲಿನ ಗಡಸು ನೀರಿಗೆ ಕೊಳವೆಯೊಳಗೆ ಉಪ್ಪು ಕಟ್ಟಿಕೊಳ್ಳುವುದಿಲ್ಲವೇ? ಮೋಡ ಮುಚ್ಚಿದ ದಿನ ಸ್ನಾನಕ್ಕೆ ಏನು ಗತಿ? ದುಡ್ಡು ಬಿಚ್ಚುವ ಮುನ್ನ ಗಿರಾಕಿಗೆ ಇಷ್ಟೆಲ್ಲ ಅನುಮಾನ. ಜಾಹೀರಾತಿನ ಉದ್ದವನ್ನು ಅಳೆಯುವುದು ಈ ಅನುಮಾನಗಳಿಂದಲೇ. 1958ರಲ್ಲಿ ಹೆಸರಾಂತ ಜಾಹೀರಾತು ಬರಹಗಾರ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ನೂರಾರು ಪದಗಳ ಜಾಹೀರಾತು ಬರೆದರು. ಅಂಕಿ ಹಾಕಿ ಒಂದೊಂದಾಗಿ ಕಾರಿನ ಸಂಗತಿಗಳನ್ನೇ ಹೇಳಿದ್ದರು. ಅಷ್ಟು ದುಬಾರಿ ವಸ್ತುವಿಗೆ ಅಷ್ಟು ಮಾತು ಬೇಕೇ ಬೇಕು.

ಹಾಗಾಗಿ ಮೊದಲು ಅನುಮಾನಗಳನ್ನೆಲ್ಲ ಪಟ್ಟಿಮಾಡಿ, ಪ್ರತಿಯೊಂದಕ್ಕೂ ಉತ್ತರ ಬರೆಯಿರಿ. ಆಮೇಲೆ ಯಾವ ಪ್ರಶ್ನೆಗೂ ಉತ್ತರವಾಗದ ವಾಕ್ಯಗಳನ್ನು ಹೊಡೆದುಹಾಕಿ. ಸಾಮಾನ್ಯವಾಗಿ ಮೊದಲ ಪ್ಯಾರಾವೇ ಹೋಗುತ್ತದೆ: ‘ನಂಬಿಕೆಗೆ ಹೆಸರಾದ, ಗ್ರಾಹಕರ ಅಚ್ಚುಮೆಚ್ಚಿನ’ ಎಂಬಂಥದ್ದು. ಅಂಗಡಿ ಮಾಲೀಕರು ಅದನ್ನು ಬಿಡಲು ಸುಲಭವಾಗಿ ಒಪ್ಪುವುದಿಲ್ಲ. ಆದರೂ ಪಟ್ಟು ಹಿಡಿಯಿರಿ.

ಬಾನುಲಿಯಲ್ಲಿ 30 ಸೆಕೆಂಡಿಗೆ ಸುಮಾರು 50 ಕನ್ನಡ ಪದ ಹಿಡಿಸಿದರೆ ಹೆಚ್ಚು. ನಮ್ಮ ಪದಗಳಿಗೆ ಪ್ರತ್ಯಯಗಳು ಅಂಟಿಕೊಂಡು ಉದ್ದವಾಗುವುದರಿಂದ ಇಂಗ್ಲಿಷಿನ ಪದಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಡಿಯಾರ ನೋಡಿಕೊಂಡು ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ಸಮಯ ಕಡಿಮೆ ತೋರುತ್ತದೆ, ಸ್ಟುಡಿಯೋದಲ್ಲಿ ಉಸಿರು ಕಟ್ಟುತ್ತದೆ. ಹತ್ತು ಅಂಕಿಯ ಫೋನ್ ನಂಬರನ್ನು ಬರೆದುಕೊಳ್ಳುವ ಹಾಗೆ ಹೇಳಲು ಐದಾರು ಸೆಕೆಂಡು ಬೇಕು. ಎರಡು ಸಲ ಹೇಳಿದರೆ 20 ಸೆಕೆಂಡಿನ ಜಾಹೀರಾತಿನಲ್ಲಿ ಅರ್ಧ ಅದಕ್ಕೇ ಹೋಯಿತು. ‘ಬಸ್ ಸ್ಟ್ಯಾಂಡ್ ಎದುರು’ ಎಂದರೆ ಎರಡೇ ಸೆಕೆಂಡು, ನೆನಪಿನಲ್ಲೂ ಉಳಿಯುತ್ತದೆ.

ಹೆಚ್ಚು ಜನ ಎಡವುವುದು ಎಸ್ಸೆಮ್ಮೆಸ್‌ನಲ್ಲಿ. ಇಂಗ್ಲಿಷ್ ಲಿಪಿಯಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಲಿಪಿಯಲ್ಲಿ 70 ಮಾತ್ರ. ಒತ್ತು, ಗುಣಿತದ ಚಿಹ್ನೆ, ಪದಗಳ ನಡುವಿನ ಖಾಲಿ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಅಲ್ಲಿ ನಾಲ್ಕು! 70 ದಾಟಿತೋ, ಎರಡು ಸಂದೇಶದ ಹಣ ಕೊಡಬೇಕು. ಆಗ ಒಂದೊಂದು ಭಾಗಕ್ಕೆ ಸಿಗುವುದು 67. ಆದ್ದರಿಂದ ವಸ್ತು, ರಿಯಾಯಿತಿ, ಕೊನೆಯ ದಿನ, ಅಂಗಡಿಯ ಹೆಸರು, ಇಷ್ಟೇ ಇರಲಿ. ಹಬ್ಬದ ಶುಭಾಶಯವನ್ನೂ ಅದರಲ್ಲೇ ತುರುಕಬೇಡಿ. ಗಡಸು ನೀರಿನ ವಿಷಯ ಕರಪತ್ರಕ್ಕಿರಲಿ. ಮನೆಗೆ ಒಯ್ದು ನಿಧಾನವಾಗಿ ಓದುತ್ತಾರೆ.

ನಮಸ್ಕಾರ.