ನಲವತ್ನಾಲ್ಕು ಮತ, ಐದು ಮತ

ಕೇಳುಗರೇ, ನಮಸ್ಕಾರ.

ನಮ್ಮಲ್ಲಿ ರಾಜ್ಯಸಭೆಗೆ ಶಾಸಕರು ಮತ ಹಾಕುತ್ತಾರೆ, ಅಲ್ವಾ? ಅಮೆರಿಕದಲ್ಲೂ 1913ರವರೆಗೆ ಸೆನೆಟ್ ಸದಸ್ಯರನ್ನು ಆಯಾ ರಾಜ್ಯದ ಶಾಸನಸಭೆಯೇ ಆರಿಸುತ್ತಿತ್ತು. ಅಂಥ ಒಂದು ಚುನಾವಣೆ ನನ್ನನ್ನು ಬಹಳ ಕಾಡಿದೆ.

ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರು. 1855ರ ಫೆಬ್ರವರಿ 8. ಜನವರಿಯಲ್ಲಿ ಸುರಿದ ಹಿಮದಿಂದ ಮತದಾನವೇ ಮುಂದೆ ಹೋಗಿತ್ತು. ಕಣದಲ್ಲಿ ಅಬ್ರಹಾಂ ಲಿಂಕನ್ ಇದ್ದರು. ಶಾಸಕರೊಬ್ಬೊಬ್ಬರ ಹೆಸರು, ಪಕ್ಷ ಎಲ್ಲವನ್ನೂ ಅವರು ತಾವೇ ಪಟ್ಟಿ ಮಾಡಿ ಬರೆದುಕೊಂಡಿದ್ದರು. ಶಾಸಕರಾಗಿದ್ದರೆ ಸೆನೆಟ್‌ಗೆ ನಿಲ್ಲುವಂತಿರಲಿಲ್ಲ. ಹಾಗಾಗಿ ಆಗಷ್ಟೇ ಗೆದ್ದಿದ್ದ ಸೀಟನ್ನೂ ಬಿಟ್ಟಿದ್ದರು. ಅಷ್ಟು ಆಸೆ.

ಹಿಂದಿನ ವರ್ಷ ಬಂದ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಹೊಸ ಸೀಮೆಗಳಿಗೂ ಗುಲಾಮಗಿರಿ ಹಬ್ಬಲು ದಾರಿ ಮಾಡಿತ್ತು. ಇಡೀ ಚುನಾವಣೆ ನಿಂತಿದ್ದು ಅದರ ಮೇಲೆ. ಮೊದಲ ಸುತ್ತಿನಲ್ಲಿ ಕಾಯ್ದೆಯನ್ನು ವಿರೋಧಿಸುತ್ತಿದ್ದ ಲಿಂಕನ್‌ಗೆ 44 ಮತ. ಕಾಯ್ದೆಯ ಪರ ಇದ್ದ ಶೀಲ್ಡ್ಸ್‌ಗೆ 41. ಲಿಂಕನ್‌ರಂತೆ ಕಾಯ್ದೆಯ ವಿರೋಧಿಯೇ ಆಗಿದ್ದ, ಆದರೆ ಡೆಮಾಕ್ರಟಿಕ್ ಪಕ್ಷದ ಲೈಮನ್ ಟ್ರಂಬುಲ್‌ಗೆ ಬರೀ 5. ಆ 5 ಮತ ಹಾಕಿದವರೂ ಡೆಮಾಕ್ರಟರು. ಕಾಯ್ದೆ ಅವರಿಗೂ ಬೇಡ. ಆದರೆ ಎದುರಾಳಿ ವಿಗ್ ಪಕ್ಷದ ಲಿಂಕನ್‌ಗೆ ಮತ ಹಾಕಲು ಅವರ ಮನಸ್ಸು ಒಪ್ಪಲಿಲ್ಲ. ಸುತ್ತಿನ ಮೇಲೆ ಸುತ್ತು ನಡೆದರೂ ಐವರು ಅಲುಗಾಡಲಿಲ್ಲ.

ಏಳನೇ ಸುತ್ತಿಗೆ ಎದುರಾಳಿಗಳು ಶೀಲ್ಡ್ಸ್‌ರನ್ನು ಬಿಟ್ಟು, ಗವರ್ನರ್ ಮ್ಯಾಟೆಸನ್ ಕಡೆ ವಾಲಿದರು. ಒಂಬತ್ತನೇ ಸುತ್ತಿಗೆ ಮ್ಯಾಟೆಸನ್ 47. ಲಿಂಕನ್ 15ಕ್ಕೆ ಇಳಿದಿದ್ದರು. ಇನ್ನು ಮೂರ್ನಾಲ್ಕು ಮತ ಆ ಕಡೆ ಹೋದರೆ ಮುಗಿಯಿತು.

ಆಗ ಲಿಂಕನ್ ಜೊತೆಯವರಿಗೆ ಹೇಳಿದರು: ನನ್ನನ್ನು ಬಿಡಿ, ಟ್ರಂಬುಲ್‌ಗೆ ಹಾಕಿ. ಅವರಿಗೆ ಸಂಕಟವಾಯಿತು, ಆದರೂ ಹಾಕಿದರು. ಹತ್ತನೇ ಸುತ್ತಿನಲ್ಲಿ ಟ್ರಂಬುಲ್‌ಗೆ 51 ಮತ ಬಂತು. ಐದರಿಂದ ಶುರು ಮಾಡಿದವರು ಗೆದ್ದರು.

ಸುಮ್ನೆ ಯೋಚಿಸಿ ನೋಡಿ. ಕೈಗೆ ಬಂದಿದ್ದ ತುತ್ತನ್ನು ತಾವೇ ಎತ್ತಿ ಇನ್ನೊಬ್ಬರಿಗೆ ಕೊಡುವುದು. ಅಧ್ಯಕ್ಷರಾಗಿ ಅವರು ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಈ ಮಧ್ಯಾಹ್ನವೇ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಮರುದಿನ ಸ್ನೇಹಿತರಿಗೆ ಬರೆದ ಪತ್ರದಲ್ಲಿ ಲಿಂಕನ್ ಲೆಕ್ಕವನ್ನೆಲ್ಲ ಒಪ್ಪಿಸಿದ್ದಾರೆ. ನನ್ನ ಸೋಲಿನ ನೋವಿಗಿಂತ ಮ್ಯಾಟೆಸನ್ ಸೋತ ಸಂತೋಷವೇ ಹೆಚ್ಚು ಅಂದಿದ್ದಾರೆ.

ಆ ಐವರಲ್ಲಿ ನಾರ್ಮನ್ ಜಡ್ ಒಬ್ಬರು. 1860ರಲ್ಲಿ ರಿಪಬ್ಲಿಕನ್ ಪಕ್ಷದ ಷಿಕಾಗೋ ಸಮಾವೇಶದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಲಿಂಕನ್ ಹೆಸರನ್ನು ಸೂಚಿಸಿದ್ದು ಅವರೇ. ಲಿಂಕನ್ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಆದರೆ ಹೆಂಡತಿ ಮೇರಿಗೆ ಮರೆಯಲಾಗಲಿಲ್ಲ. ಟ್ರಂಬುಲ್ ಅವರ ಪತ್ನಿ ಜೂಲಿಯಾ, ಮೇರಿಯ ಮದುವೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳತಿ. ಆ ಗೆಳೆತನ ಅಂದಿಗೇ ಮುರಿಯಿತು.

ನಮಸ್ಕಾರ.